ಒಂದು ಪೆಟ್ಟಿಗೆ, ಮೂರು ಕಾರು: ಎಎಂಟಿ ‘ತ್ರೀ ಇನ್ ವನ್’ ಕಿಟ್‌ಗಳ ವಿಮರ್ಶೆ

ಮಿಷಿಗನ್ ರಾಜ್ಯದ ಟ್ರಾಯ್ ಪಟ್ಟಣದ ಪಕ್ಕದಲ್ಲೇ ಹಲವು ವರ್ಷಗಳಿಂದ ಮನೆ ಮಾಡಿಕೊಂಡಿದ್ದೇನೆ. ಆದರೂ ಅಮೆರಿಕದ ಒಂದಿಡೀ ತಲೆಮಾರಿನ ಹುಡುಗರ ಬೆರಳುಗಳಿಗೆ ಅಂಟು, ಪುಟ್ಟಿ, ಬಣ್ಣ ಮೆತ್ತಿಸಿದ ಕಂಪನಿ ಇದೇ ಊರಿನದು ಎಂದು ನನಗೆ ಗೊತ್ತಾದದ್ದು, ಹಳೆಯ ಸಾಮಾನುಗಳ ಸಂತೆಯೊಂದರಲ್ಲಿ ಕೈಗೆತ್ತಿಕೊಂಡ ರಟ್ಟಿನ ಪೆಟ್ಟಿಗೆಯ ಬದಿಯನ್ನು ಓದಿದಾಗ. ಅಂದಿನಿಂದ ಈವರೆಗೆ ಎಎಂಟಿ ಎಂಬ ಹೆಸರು ಹೊತ್ತ, ಪುಟ್ಟ ಪ್ಲಾಸ್ಟಿಕ್ ಕಾರನ್ನು ನಾವೇ ಜೋಡಿಸಿ ಕಟ್ಟುವ ಮೂರು ಕಿಟ್‌ಗಳನ್ನು ಕೊಂಡಿದ್ದೇನೆ: 1936ರ ಫೋರ್ಡ್ ಕೂಪೆ (ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು)/ರೋಡ್‌ಸ್ಟರ್‌ನ (ತೆರೆದ ಕಾರು) ಇತ್ತೀಚಿನ ಮರುಬಿಡುಗಡೆ ಒಂದು, 1963ರ ಬ್ಯುಯಿಕ್ ಎಲೆಕ್ಟ್ರಾದ ಮೂಲ ಕಿಟ್ ಒಂದು, ಮತ್ತೊಂದು ಯಾರೋ ಹುಡುಗ ಅಂದೇ ಕಟ್ಟಿ, ಬಣ್ಣ ಬಳಿದು, ಆಡಿ ಬಿಟ್ಟ 1962ರ ಷೆವ್ರೊಲೆ ಇಂಪಾಲ. ಈ ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆದರೆ ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಕಾರಿನ ಪ್ರತಿಕೃತಿಯನ್ನಲ್ಲ. ಒಂದೇ ಪೆಟ್ಟಿಗೆಯಿಂದ ಮೂರು ಬಗೆಯ ಕಾರು ಕಟ್ಟಬಹುದೆಂಬ ಭರವಸೆಯೊಂದಿಗೆ 1958ರಿಂದ ಮಾರಾಟವಾದ ಆ ಇಡೀ ಸರಕನ್ನು.

ಈ ಹವ್ಯಾಸದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪೆಟ್ಟಿಗೆ ತೆರೆದರೆ ಸಿಗುವುದು ಕಾರಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಕಾಯಿಗೊಂಚಲಿನಂತೆ ಅಂಟಿಕೊಂಡಿರುವ ನೂರರ ಆಸುಪಾಸಿನ ಬಿಡಿಭಾಗಗಳು. ಹವ್ಯಾಸಿಗಳು ಈ ಗೊಂಚಲನ್ನು ಸ್ಪ್ರೂ ಎನ್ನುತ್ತಾರೆ. ಕಾರಿನ ಹೊರಮೈ ಮಾತ್ರ ಒಂದೇ ತುಂಡಾಗಿ ಬಿಡಿಯಾಗಿ ಬರುತ್ತದೆ. ಬಂಪರ್, ಗ್ರಿಲ್, ಚಕ್ರದ ಮುಚ್ಚಳಗಳು ಹೊಳೆಯುವ ಕ್ರೋಮ್ ಲೇಪದಲ್ಲಿ, ಗಾಜುಗಳು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ, ಟೈರುಗಳು ಮೆತ್ತನೆಯ ಕಪ್ಪು ವಿನೈಲಿನಲ್ಲಿ ಇರುತ್ತವೆ. ಪ್ರಮಾಣ 1/25. ಅಂದರೆ 5.3 ಮೀಟರ್ ಉದ್ದದ ಒಂದು ಕಾರು ಇಲ್ಲಿ ಸುಮಾರು 21 ಸೆಂಟಿಮೀಟರ್‌ಗೆ ಇಳಿಯುತ್ತದೆ, ಅಂಗೈ ಚಾಚಿದರೆ ಬೆರಳ ತುದಿಯಾಚೆಗೂ ಸ್ವಲ್ಪ ಮಿಗುತ್ತದೆ.

ಎಎಂಟಿ ಹುಟ್ಟಿದ್ದು ಆಟಿಕೆಯ ಕಂಪನಿಯಾಗಿಯೂ ಅಲ್ಲ, ಹವ್ಯಾಸದ ಕಂಪನಿಯಾಗಿಯೂ ಅಲ್ಲ. ವೆಸ್ಟ್ ಗ್ಯಾಲೋಗ್ಲಿ ಎಂಬವರು 1948ರಲ್ಲಿ ಇದನ್ನು ಆರಂಭಿಸಿದಾಗ ಅಲ್ಯೂಮಿನಿಯಮ್ ಮಾಡೆಲ್ ಟಾಯ್ಸ್ ಎಂದು ಹೆಸರಿಟ್ಟಿದ್ದರು. ಎಎಂಟಿ ಎಂಬುದು ಆ ಹೆಸರಿನ ಮೊದಲ ಅಕ್ಷರಗಳು. ಅಲ್ಯೂಮಿನಿಯಮ್ ಬಹುಬೇಗ ಹಿಂದೆ ಬಿದ್ದು ಪ್ಲಾಸ್ಟಿಕ್ ಬಂತು, ಹೆಸರು ಮಾತ್ರ ಉಳಿಯಿತು. ಅದರ ಗಿರಾಕಿಗಳು ಮಕ್ಕಳಲ್ಲ, ಕಾರು ಕಂಪನಿಗಳು. ಪ್ರತಿ ವರ್ಷ ಹೊಸ ಕಾರು ಮಾರುಕಟ್ಟೆಗೆ ಬರುವಾಗ ಷೋರೂಮಿನ ಮೇಜಿನ ಮೇಲಿಡಲು, ಗಿರಾಕಿಯ ಜೊತೆ ಬಂದ ಮಗುವಿನ ಕೈಗೆ ಕೊಡಲು, ಆ ವರ್ಷದ ನಿಜವಾದ ಬಣ್ಣಗಳಲ್ಲೇ ತಯಾರಾದ ಪುಟ್ಟ ಪ್ರತಿಕೃತಿಗಳು ಬೇಕಾಗಿದ್ದವು. ಇವುಗಳನ್ನು ಪ್ರೊಮೊ ಎನ್ನುತ್ತಿದ್ದರು. ಡೆಟ್ರಾಯ್ಟ್‌ನ ಕಾರು ಕಂಪನಿಗಳು ತಮ್ಮ ಹೊಸ ಕಾರಿನ ನಕ್ಷೆಗಳನ್ನು ಬಿಡುಗಡೆಗೆ ಬಹಳ ಮೊದಲೇ ಈ ಪ್ರೊಮೊ ತಯಾರಕರ ಕೈಗೆ ಕೊಡುತ್ತಿದ್ದವು. ಎಎಂಟಿ, ಜೋ-ಹ್ಯಾನ್, ಎಸ್‌ಎಂಪಿ, ನಂತರದ ಎಂಪಿಸಿ ಇವೆಲ್ಲವೂ ಡೆಟ್ರಾಯ್ಟ್ ಸುತ್ತಮುತ್ತಲೇ ಬೆಳೆದದ್ದಕ್ಕೆ ಈ ನಂಟೇ ಕಾರಣ. ಕ್ಯಾಲಿಫೋರ್ನಿಯಾದ ರೆವೆಲ್ ಎಷ್ಟೇ ದೊಡ್ಡ ಹೆಸರಾದರೂ ಹೊಸ ಕಾರಿನ ಓಟದಲ್ಲಿ ಒಂದು ಹೆಜ್ಜೆ ಹಿಂದೆಯೇ ಇತ್ತು.

ಪ್ರೊಮೊಗಳಿಗೆ ಒಂದು ಕಾಯಿಲೆಯಿತ್ತು. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದರಿಂದ ಅವು ವರ್ಷಗಳು ಕಳೆದಂತೆ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತವೆ. 1950ರ ದಶಕದ ಯಾವುದೇ ಪ್ರೊಮೊವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ, ನಾಲ್ಕು ಚಕ್ರವೂ ನೆಲಕ್ಕೆ ತಾಗಿದರೆ ಅದೃಷ್ಟ. ಕೊಳ್ಳುವವರು ಇದನ್ನು ಮರೆಯಬಾರದು. 1960ರ ದಶಕದ ಆರಂಭದಲ್ಲಿ ಸ್ಟೈರೀನ್ ಬಂದ ಮೇಲೆ ಈ ತೊಂದರೆ ಬಹುಮಟ್ಟಿಗೆ ನಿಂತಿತು.

1958ರಲ್ಲಿ ಎಎಂಟಿ ಮಾಡಿದ ಕೆಲಸ, ಹಾಗೆ ನೋಡಿದರೆ, ಒಂದು ಜಿಪುಣ ಜಾಣತನ. ಪ್ರೊಮೊಗೆಂದು ದುಬಾರಿ ಉಕ್ಕಿನ ಅಚ್ಚು ಹೇಗೂ ಸಿದ್ಧವಾಗಿತ್ತು. ಅದೇ ಅಚ್ಚಿನಿಂದ ಬಂದ ಭಾಗಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ಪೆಟ್ಟಿಗೆಗೆ ತುಂಬಿದರೆ ಜೋಡಣೆಯ ಕೂಲಿಯೂ ಉಳಿಯುತ್ತದೆ, ಷೋರೂಮಿನ ಆಚೆ ಇನ್ನೊಂದು ಮಾರುಕಟ್ಟೆಯೂ ಸಿಗುತ್ತದೆ. ಅಷ್ಟೇ ಮಾಡಿದ್ದರೆ ಅದು ಕೆಲವು ವರ್ಷಗಳಲ್ಲಿ ಮರೆತುಹೋಗುವ ಸರಕಾಗುತ್ತಿತ್ತು. ಆದರೆ ಅವರು ಜೊತೆಗೆ ಇನ್ನೊಂದು ಸ್ಪ್ರೂ ಸೇರಿಸಿದರು: ಬಾಲದ ರೆಕ್ಕೆಗಳು, ಹಿಂಚಕ್ರವನ್ನು ಮುಚ್ಚುವ ಸ್ಕರ್ಟ್‌ಗಳು, ಬದಿಯುದ್ದಕ್ಕೂ ಹರಿಯುವ ಎಕ್ಸಾಸ್ಟ್ ಕೊಳವೆಗಳು, ಡಿಕ್ಕಿಯ ಹಿಂದೆ ಜೋಡಿಸುವ ಸ್ಟೆಪ್ನಿ ಡಬ್ಬಿ, ರೇಸ್ ಕಾರಿನ ಸಂಖ್ಯೆಗಳು, ಜ್ವಾಲೆಯ ಚಿತ್ರದ ಡಿಕಾಲ್‌ಗಳು, ಅಂದರೆ ಮೈಮೇಲೆ ಅಂಟಿಸುವ ತೆಳು ಚಿತ್ರಗಳು. ಕಾರ್ಖಾನೆಯಿಂದ ಬಂದಂತೆ ಕಟ್ಟಿದರೆ ಸ್ಟಾಕ್, ಅಲಂಕರಿಸಿದರೆ ಕಸ್ಟಮ್, ಓಟಕ್ಕೆ ಹೂಡಿದರೆ ರೇಸಿಂಗ್. ಬೆಲೆ ಎರಡು ಡಾಲರಿಗೂ ಕಡಿಮೆ. ಆ ಮೊದಲ ಕಿಟ್‌ಗಳಲ್ಲಿ ಎಂಜಿನ್ನೇ ಇರಲಿಲ್ಲ, ಬಾನೆಟ್ ತೆರೆಯುತ್ತಲೂ ಇರಲಿಲ್ಲ, ಚಕ್ರಗಳು ಲೋಹದ ಕಡ್ಡಿಯೊಂದರ ಮೇಲೆ ತಿರುಗುತ್ತಿದ್ದವು. ಹುಡುಗರಿಗೆ ಅದರ ಚಿಂತೆ ಇದ್ದಂತಿಲ್ಲ.

ಕಾಲವೂ ಕೂಡಿಬಂದಿತ್ತು. ಯುದ್ಧಾನಂತರದ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಫೋರ್ಡ್, ಮರ್ಕ್ಯುರಿಗಳ ಛಾವಣಿ ಕತ್ತರಿಸಿ ತಗ್ಗಿಸುವ, ಮೈಯನ್ನು ಚಾಸಿಯ ಮೇಲೆ ಇಳಿಸಿ ಕೂರಿಸುವ, ಲಾಂಛನಗಳನ್ನೆಲ್ಲ ಕಿತ್ತು ನುಣ್ಣಗೆ ಟಿಂಕರಿಂಗ್ ಮಾಡಿ ಪದರಪದರವಾಗಿ ಬಣ್ಣ ಹೊಡೆಯುವ ಕಸುಬು ಕಲೆಯ ಮಟ್ಟಕ್ಕೆ ಏರಿತ್ತು. ಅದರ ಅತ್ಯಂತ ಪ್ರಸಿದ್ಧ ಹೆಸರು ಜಾರ್ಜ್ ಬ್ಯಾರಿಸ್. ಅವರ ಗ್ಯಾರೇಜು ರೂಪಿಸಿದ ಆಲಾ ಕಾರ್ಟ್ ಎಂಬ 1929ರ ಫೋರ್ಡ್ ಪಿಕಪ್ 1958 ಮತ್ತು 1959ರಲ್ಲಿ ಸತತವಾಗಿ ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್ ಎಂಬ ಪ್ರಶಸ್ತಿ ಗೆದ್ದಿತು. ಕೆಲವೇ ವರ್ಷಗಳಲ್ಲಿ ಎಎಂಟಿ ಅದನ್ನು ಕಿಟ್ ಆಗಿ ಮಾರಿತು. ನಿಜವಾದ ಕಾರಿನ ಛಾವಣಿ ಕತ್ತರಿಸಲು ಹಣ, ಗ್ಯಾರೇಜು, ಗ್ಯಾಸ್ ವೆಲ್ಡಿಂಗ್ ಬೇಕು. ಹದಿಮೂರರ ಹುಡುಗನಿಗೆ ಅಡುಗೆಮನೆಯ ಮೇಜು, ಬ್ಲೇಡು, ಒಂದು ಟ್ಯೂಬು ಅಂಟು ಸಾಕಾಯಿತು.

ಇಲ್ಲಿ ಡಿಯೋರಾ ಎಂಬ ಕಾರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈ ಕಿಟ್‌ಗಳ ಗುಟ್ಟು ನನಗೆ ಹೊಳೆದದ್ದು ಅದರಿಂದಲೇ. ಡೆಟ್ರಾಯ್ಟ್‌ನ ಅಲೆಕ್ಸಾಂಡರ್ ಸೋದರರು, ಹ್ಯಾರಿ ಬ್ರಾಡ್ಲಿ ಬರೆದ ವಿನ್ಯಾಸದಂತೆ, ಡಾಡ್ಜ್ ಎ100 ಎಂಬ ಸಾಧಾರಣ ಪಿಕಪ್ಪನ್ನು ಕತ್ತರಿಸಿ ಮಾಡಿದ ಗಾಡಿಯಿದು. 1967ರಲ್ಲಿ ಡೆಟ್ರಾಯ್ಟ್ ಆಟೊರಾಮಾ ಎಂಬ ಕಾರು ಪ್ರದರ್ಶನದಲ್ಲಿ ರಿಡ್ಲರ್ ಪ್ರಶಸ್ತಿ ಪಡೆಯಿತು, ಎಎಂಟಿಯ ಕಿಟ್ ಆಯಿತು, 1968ರ ಮೊದಲ ಹದಿನಾರು ಹಾಟ್ ವೀಲ್ಸ್ ಆಟಿಕೆ ಕಾರುಗಳಲ್ಲಿ ಒಂದೂ ಆಯಿತು. ಅದಕ್ಕೆ ಪಕ್ಕದ ಬಾಗಿಲುಗಳಿಲ್ಲ. ಮುಂಭಾಗವನ್ನೇ ಎತ್ತಿ ಒಳಗೆ ಹತ್ತಬೇಕು. ಹಾಗೆ ಎತ್ತುವ ಆ ಗಾಜಿನ ಭಾಗ 1960ರ ಫೋರ್ಡ್ ಸ್ಟೇಷನ್ ವ್ಯಾಗನ್ನಿನ ಹಿಂಬಾಗಿಲಿನದು. ಬದಿಯ ಎಕ್ಸಾಸ್ಟ್ ಬಾಯಿಗಳಿಗೆ ಸುತ್ತಿದ ಚೌಕಟ್ಟು ಮಸ್ಟಾಂಗ್‌ನ ಹಿಂದೀಪದ್ದು. ಅಂದರೆ ಬಾಹ್ಯಾಕಾಶದಿಂದ ಇಳಿದಂತೆ ಕಾಣುವ ಈ ಗಾಡಿ ಬೇರೆ ಕಾರುಗಳಿಂದ ಬಿಚ್ಚಿ ತಂದ ಭಾಗಗಳಿಂದ ಬೆಳೆದದ್ದು. ನಮ್ಮ ಶಿವಾಜಿನಗರದ ಗುಜರಿಯಲ್ಲಿ ಒಂದು ಕಾರಿನ ದೀಪ ಇನ್ನೊಂದಕ್ಕೆ ಹೊಂದುವುದೇ ಎಂದು ಹಿಡಿದು ನೋಡುವ ಮೆಕ್ಯಾನಿಕ್ಕಿನ ಕಣ್ಣೇ ಇಲ್ಲಿಯೂ ಕೆಲಸ ಮಾಡಿದೆ. ‘ತ್ರೀ ಇನ್ ವನ್’ ಕಿಟ್ ಆ ಗುಜರಿಯನ್ನೇ ಸಣ್ಣದಾಗಿಸಿ ಪೆಟ್ಟಿಗೆಯಲ್ಲಿಟ್ಟಿತು. ಮೂರರಲ್ಲಿ ಒಂದು ಕಾರನ್ನು ಕಟ್ಟಿದಾಗ ಉಳಿದೆರಡರ ಭಾಗಗಳು ಮಿಗುತ್ತವೆ. ಮಿಕ್ಕದ್ದು ಡಬ್ಬಿ ಸೇರುತ್ತದೆ. ಮುಂದಿನ ಕಿಟ್‌ಗೆ ಆ ಡಬ್ಬಿಯೂ ಕೂಡಿಕೊಳ್ಳುತ್ತದೆ. ನಾಲ್ಕೈದು ಕಿಟ್ ಕಟ್ಟಿದವನ ಬಳಿ ಯಾವ ಪೆಟ್ಟಿಗೆಯ ಮೇಲೂ ಚಿತ್ರವಿಲ್ಲದ ಕಾರನ್ನು ಕಟ್ಟುವಷ್ಟು ಸಾಮಗ್ರಿ ಇರುತ್ತದೆ. ನನ್ನ ಲೆಕ್ಕದಲ್ಲಿ ಗಿರಾಕಿ ಕೊಟ್ಟ ಹಣಕ್ಕೆ ಸಿಕ್ಕಿದ ನಿಜವಾದ ಪ್ರತಿಫಲ ಆ ಮಿಕ್ಕ ಭಾಗಗಳೇ.

ಈ ದೃಷ್ಟಿಯಿಂದ ಮೂರು ರೂಪಗಳನ್ನೂ ಒಂದೇ ತಕ್ಕಡಿಯಲ್ಲಿಡಲು ಸಾಧ್ಯವಿಲ್ಲ. ಸ್ಟಾಕ್ ರೂಪ ನಂಬಿಕಸ್ಥ, ಕಾರು ಕಂಪನಿಯ ನಕ್ಷೆಯಿಂದಲೇ ಬಂದದ್ದರಿಂದ ಮೈಕಟ್ಟಿನಲ್ಲಿ ತಪ್ಪು ಹುಡುಕುವುದು ಕಷ್ಟ. ರೇಸಿಂಗ್ ರೂಪ, ವರ್ಷವರ್ಷದ ಹೊಸ ಕಾರುಗಳ ಕಿಟ್‌ಗಳಲ್ಲಿ, ಹೆಚ್ಚಾಗಿ ಹೆಸರಿಗಷ್ಟೇ: ಬಾಗಿಲಿಗೆ ಸಂಖ್ಯೆ ಅಂಟಿಸಿ ಚಕ್ರ ಬದಲಿಸಿದರೆ ಅದು ರೇಸ್ ಕಾರು ಎಂದು ಒಪ್ಪಿಕೊಳ್ಳಬೇಕು. ಕಸ್ಟಮ್ ರೂಪದಲ್ಲಿ ಮಾತ್ರ ವಿನ್ಯಾಸಕಾರನ ಕೈ ಬಿಡುಬೀಸಾಗಿ ಓಡುತ್ತದೆ, ಕೆಲವೊಮ್ಮೆ ಹದ ತಪ್ಪಿ ಓಡುತ್ತದೆ. ಮೊದಲೇ ರೆಕ್ಕೆಯಿದ್ದ ಕಾರಿಗೆ ಇನ್ನೊಂದು ಜೊತೆ ರೆಕ್ಕೆ ಕೊಟ್ಟದ್ದನ್ನು ಸುಂದರ ಎನ್ನಲು ನನ್ನಿಂದಾಗದು. ಆದರೂ ಇಂದು ಹೆಚ್ಚಿನ ಹವ್ಯಾಸಿಗಳು, ಈಗ ಅರವತ್ತು ಎಪ್ಪತ್ತು ದಾಟಿದವರು, ಸ್ಟಾಕ್ ಕಾರನ್ನೇ ಕಟ್ಟಿ ಕಸ್ಟಮ್ ಭಾಗಗಳನ್ನು ಸ್ಪ್ರೂನಲ್ಲೇ ಬಿಡುವುದನ್ನು ಕಂಡಾಗ ನನಗೆ ಸೋಜಿಗವಾಗುತ್ತದೆ. ಅಪ್ಪನ ಕಾರನ್ನು ಇದ್ದಂತೆ ಮರಳಿ ಪಡೆಯುವ ಆಸೆ ಅವರದು ಎಂಬುದು ಅರ್ಥವಾಗುತ್ತದೆ. ಆದರೆ ಇದೇ ಜನ ಹುಡುಗರಾಗಿದ್ದಾಗ ಆ ಕಾರಿನ ಛಾವಣಿ ಕತ್ತರಿಸುತ್ತಿದ್ದವರು.

ಈಗ ಈ ಸರಕಿನ ದೊಡ್ಡ ಕೊರತೆಗೆ ಬರುತ್ತೇನೆ, ಇದು ಕಟ್ಟುವವನ ತಪ್ಪಲ್ಲ, ವ್ಯಾಪಾರದ ರೀತಿಯೇ ಹಾಗಿತ್ತು. ಹೊಸ ಕಾರುಗಳ ಕಿಟ್ ವರ್ಷಕ್ಕೊಮ್ಮೆ ಬದಲಾಗಬೇಕಿತ್ತು. ಇವುಗಳನ್ನು ಆ್ಯನ್ಯುವಲ್ ಎನ್ನುತ್ತಾರೆ. ಡೆಟ್ರಾಯ್ಟ್‌ನವರು 1962ರ ಕಾರಿನ ಗ್ರಿಲ್ಲು, ದೀಪ ಬದಲಿಸಿ 1963ರದ್ದೆಂದು ಬಿಡುಗಡೆ ಮಾಡಿದರೆ, ಟ್ರಾಯ್‌ನವರು 1962ರ ಉಕ್ಕಿನ ಅಚ್ಚನ್ನೇ ಕೊರೆದು, ಬೆಸೆದು, ತಿದ್ದಿ 1963ರದ್ದಾಗಿಸುತ್ತಿದ್ದರು. ಅಚ್ಚು ತಿದ್ದಿದ ದಿನವೇ ಹಿಂದಿನ ವರ್ಷದ ಕಿಟ್ ಶಾಶ್ವತವಾಗಿ ಮುಗಿಯಿತು; ಮತ್ತೆ ಎರಕ ಹೊಯ್ಯುವಂತಿಲ್ಲ. ಉಳಿದ ಕೆಲವು ಅಚ್ಚುಗಳನ್ನು ಮುಂದೆ ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ರೇಸ್ ಕಾರುಗಳನ್ನಾಗಿ ಮಾರ್ಪಡಿಸಿದರು, ಅಲ್ಲಿ ಮಡ್‌ಗಾರ್ಡ್ ಕತ್ತರಿಸಿದ ಮೇಲೆ ಮೂಲ ರೂಪ ಹೋಯಿತು. ಹುಡುಗರಿಗೆ ಕಾರು ಮಾರ್ಪಡಿಸಲು ಕಲಿಸಿದ ಕಂಪನಿ ತನ್ನ ಅಚ್ಚುಗಳಿಗೂ ಅದನ್ನೇ ಮಾಡಿತು. ಇದರ ಫಲವಾಗಿ, ಒಂದು ಕಾಲದಲ್ಲಿ ಎರಡು ಡಾಲರಿಗೂ ಕಡಿಮೆಗೆ ಸಿಕ್ಕ, ಯಾರೂ ಕಟ್ಟದ ಆ್ಯನ್ಯುವಲ್ ಕಿಟ್ ಇಂದು ನೂರಾರು ಡಾಲರ್ ಬೇಡುತ್ತದೆ.

ಇದಕ್ಕೆ ತದ್ವಿರುದ್ಧವಾದ ಕಥೆ ಟ್ರೋಫಿ ಸರಣಿಯದು. 1932ರ ಫೋರ್ಡ್ ರೋಡ್‌ಸ್ಟರ್‌ನಿಂದ ಮೊದಲಾದ ಈ ಸರಣಿ ಆಗಲೇ ಹಳೆಯದಾಗಿದ್ದ ಕಾರುಗಳದ್ದು. ಹಳೆಯ ಕಾರು ಮುಂದಿನ ವರ್ಷ ಬದಲಾಗುವುದಿಲ್ಲವಾದ್ದರಿಂದ ಅಚ್ಚನ್ನು ತಿದ್ದುವ ಅಗತ್ಯ ಬೀಳಲಿಲ್ಲ. ನನ್ನ 1936ರ ಫೋರ್ಡ್ ಈ ಸರಣಿಗೆ ಸೇರಿದ್ದು, ಅರವತ್ತು ವರ್ಷ ಕಳೆದ ಮೇಲೂ ಅದು ಅಂಗಡಿಯಲ್ಲಿ ಹೊಸ ಪೆಟ್ಟಿಗೆಯಲ್ಲಿ ಸಿಗುವುದು ಹೀಗಾಗಿಯೇ. ಎಎಂಟಿ 1978ರಲ್ಲಿ ಮ್ಯಾಚ್‌ಬಾಕ್ಸ್‌ನ ಲೆಸ್ನಿ ಕಂಪನಿಯ ಪಾಲಾಯಿತು, ಆಮೇಲೆ ಅಯೋವಾದ ಎರ್ಟಲ್ ಕಂಪನಿಯ ಕೈಸೇರಿತು, ಈಗ ಇಂಡಿಯಾನಾದ ಸೌತ್ ಬೆಂಡ್‌ನ ರೌಂಡ್ 2 ಸಂಸ್ಥೆ ಹಳೆಯ ಪೆಟ್ಟಿಗೆಗಳ ಚಿತ್ರಗಳನ್ನೇ ಮರುಮುದ್ರಿಸಿ ಈ ಕಿಟ್‌ಗಳನ್ನು ಮಾರುತ್ತಿದೆ. ನಾನು ಕೊಂಡಾಗ ಅಮೆರಿಕದಲ್ಲಿ ಇಂಥ ಕಿಟ್‌ಗಳ ಬೆಲೆ 30ರಿಂದ 40 ಡಾಲರ್‌ಗಳ ನಡುವೆ ಇತ್ತು.

ಫೋರ್ಡ್ ಕಟ್ಟಲು ನನಗೆ ಸಂಜೆಗಳ ಲೆಕ್ಕದಲ್ಲಿ ಐದು ವಾರ ಹಿಡಿಯಿತು. ಒಂದೇ ಪೆಟ್ಟಿಗೆಯಿಂದ ಕೂಪೆಯನ್ನೂ ಕಟ್ಟಬಹುದು, ರೋಡ್‌ಸ್ಟರನ್ನೂ ಕಟ್ಟಬಹುದು. ನಾನು ಕೂಪೆಯನ್ನು ಆರಿಸಿಕೊಂಡೆ. 1936ರ ನಿಜವಾದ ಫೋರ್ಡ್‌ನಲ್ಲಿದ್ದ ಎಂಜಿನ್ 221 ಘನ ಅಂಗುಲದ, 85 ಅಶ್ವಶಕ್ತಿಯ ಫ್ಲ್ಯಾಟ್‌ಹೆಡ್ ವಿ8. ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸುವ ಹಾಟ್‌ರಾಡ್ ಕಸುಬಿಗೆ ಅಡಿಪಾಯವಾದದ್ದು ಅದೇ ವಂಶದ ಎಂಜಿನ್. ಸ್ಟೈರೀನಿನ ಅಂಟು ವಾಸ್ತವವಾಗಿ ಅಂಟಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ಭಾಗಗಳನ್ನು ಬೆಸೆಯುವ ದ್ರಾವಕ ಎಂಬುದನ್ನು ಓದಿ ತಿಳಿದಿದ್ದರೂ, ಮೊದಲ ಸಂಜೆಯೇ ಬೆರಳಿಗೆ ತಾಗಿದ ಹನಿಯನ್ನು ಬಾಗಿಲಿನ ಮೇಲೆ ಒರಸಿ, ಬೆರಳಚ್ಚನ್ನು ಅಲ್ಲಿ ಶಾಶ್ವತಗೊಳಿಸಿದೆ. ಆಮೇಲೆ ಪುಟ್ಟಿ, ಸ್ಯಾಂಡ್‌ಪೇಪರ್, ಮತ್ತೆ ಪುಟ್ಟಿ. ಕ್ರೋಮ್ ಭಾಗಗಳನ್ನು ಅಂಟಿಸುವ ಜಾಗದಲ್ಲಿ ಲೇಪವನ್ನು ಕೆರೆದು ತೆಗೆಯಲೇಬೇಕು, ಇಲ್ಲವಾದರೆ ಅಂಟು ಲೇಪವನ್ನು ಹಿಡಿಯುತ್ತದೆಯೇ ಹೊರತು ಪ್ಲಾಸ್ಟಿಕ್ಕನ್ನಲ್ಲ. ಒಂದೇ ತುಂಡಾಗಿ ಬರುವ ಮೈಯನ್ನು ಹಲವು ದಿಕ್ಕುಗಳಿಂದ ಜಾರಿ ಕೂಡುವ ಅಚ್ಚಿನಲ್ಲಿ ಎರೆಯುವುದರಿಂದ, ಅಚ್ಚಿನ ತುಂಡುಗಳು ಕೂಡಿದಲ್ಲಿ ಕೂದಲೆಳೆಯಂಥ ಗೆರೆ ಏಳುತ್ತದೆ. ಬಣ್ಣ ಹೊಡೆಯುವ ಮುನ್ನ ಅದನ್ನು ಉಜ್ಜದಿದ್ದರೆ ಹೊಳಪಿನಡಿಯಿಂದ ಅದು ಎದ್ದು ಕಾಣುತ್ತದೆ. ಈ ಜಾರುವ ಅಚ್ಚಿನ ತಂತ್ರಕ್ಕೆ ಸಾಮಾನ್ಯವಾಗಿ ಜಾರ್ಜ್ ಟೋಟೆಫ್ ಅವರ ಹೆಸರನ್ನು ಹೇಳುತ್ತಾರೆ. ಎಎಂಟಿಯಲ್ಲಿದ್ದ ಅವರೇ 1963ರಲ್ಲಿ ಹೊರಬಂದು ಎಂಪಿಸಿ ಸ್ಥಾಪಿಸಿದರು. ಮೈಯನ್ನು ತುಂಡುತುಂಡಾಗಿ ಕೊಡುತ್ತಿದ್ದ ರೆವೆಲ್‌ನ ಆ ಕಾಲದ ಕಿಟ್‌ಗಳ ಜೊತೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಅವುಗಳ ಬಾಗಿಲುಗಳು ತೆರೆಯುತ್ತವೆ ನಿಜ, ಆದರೆ ಹನ್ನೆರಡರ ಹುಡುಗ ಕಟ್ಟಿದರೆ ಮುಚ್ಚುವುದು ಅನುಮಾನ.

ರೆವೆಲ್‌ನ ಬಗ್ಗೆ ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ಕಸ್ಟಮ್ ಕಾರು ಕಟ್ಟುತ್ತಿದ್ದ ಎಡ್ ರಾತ್ ಅವರ ವಿಚಿತ್ರ ಕಾರುಗಳನ್ನೂ ರ‍್ಯಾಟ್ ಫಿಂಕ್ ಎಂಬ ಹಸಿರು ಹೆಗ್ಗಣವನ್ನೂ 1960ರ ದಶಕದ ಆರಂಭದಲ್ಲಿ ಪೆಟ್ಟಿಗೆಗೆ ತಂದದ್ದು ಆ ಕಂಪನಿಯೇ. ಷಿಕಾಗೊ ಕಡೆಯ ಮಾನೊಗ್ರಾಮ್ ಎಂಬ ಕಿಟ್ ಕಂಪನಿ, ಟಾಮ್ ಡೇನಿಯಲ್ ಬರೆದ ರೆಡ್ ಬ್ಯಾರನ್ ಎಂಬ ಶಿರಸ್ತ್ರಾಣದ ಛಾವಣಿಯ ಕಾರನ್ನು 1968ರಲ್ಲಿ ಕಿಟ್ ಆಗಿ ಹೊರತಂದಾಗ ಹಾಗೊಂದು ಕಾರು ಭೂಮಿಯ ಮೇಲೆ ಇರಲೇ ಇಲ್ಲ. ಕಿಟ್ ಗೆದ್ದ ಮೇಲೆ ನಿಜವಾದ ಕಾರನ್ನು ಕಟ್ಟಲಾಯಿತು. ಇವು ತಮಾಷೆಯ ಕಿಟ್‌ಗಳು, ಚೆನ್ನಾಗಿವೆ. ಆದರೆ ಕಟ್ಟುವವನು ಆಯ್ದುಕೊಳ್ಳಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ, ವಿನ್ಯಾಸಕಾರನೇ ಎಲ್ಲ ಆಟವನ್ನೂ ಆಡಿ ಮುಗಿಸಿರುತ್ತಾನೆ.

ಮೂಲ ಕಿಟ್ ಕೊಳ್ಳುವವರಿಗೆ ನನ್ನ ಬ್ಯುಯಿಕ್‌ನಿಂದ ಕಲಿತ ಪಾಠ ಉಪಯೋಗಕ್ಕೆ ಬಂದೀತು. ಇಂಟರ್‌ನೆಟ್ಟಿನಲ್ಲಿ ಮಾರುವವರೊಬ್ಬರು ‘ಸೀಲ್ ಒಡೆಯದ ಪೆಟ್ಟಿಗೆ’ ಎಂದು ಕಳುಹಿಸಿದ್ದನ್ನು ತೆರೆದಾಗ ಒಳಗೆ ಕ್ರೋಮ್ ಸ್ಪ್ರೂ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಹೊಸದಾಗಿ ಸುತ್ತಿ ಬಿಸಿಗಾಳಿ ಊದುವುದು ಯಾರಿಗಾದರೂ ಸಾಧ್ಯವೆಂದು ಆಮೇಲೆ ಹೊಳೆಯಿತು. ತೆರೆದ ಪೆಟ್ಟಿಗೆಯನ್ನು, ಪ್ರತಿ ಸ್ಪ್ರೂವಿನ ಫೋಟೊ ನೋಡಿ ಕೊಳ್ಳುವುದೇ ಮೇಲು. ಟೈರುಗಳು ಬೇರೆ ಭಾಗಗಳಿಗೆ ತಾಗಿಕೊಂಡಿವೆಯೇ ಎಂಬುದನ್ನೂ ಕೇಳಿ: ವಿನೈಲಿನಲ್ಲಿರುವ ಮೆದುಕಾರಕ ದಶಕಗಳಲ್ಲಿ ಸೋರಿ, ತಾಗಿದಲ್ಲೆಲ್ಲ ಸ್ಟೈರೀನನ್ನು ಕರಗಿಸುತ್ತದೆ, ಗಾಜಿನ ಭಾಗಕ್ಕೆ ತಾಗಿದ್ದರೆ ಗುಣಪಡಿಸುವ ದಾರಿಯಿಲ್ಲ. ಡಿಕಾಲ್ ಹಳದಿಯಾಗಿದ್ದರೆ ಹೆದರಬೇಕಿಲ್ಲ; ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಟ್ಟರೆ ಬಹಳಷ್ಟು ಬಿಳುಪು ಮರಳುತ್ತದೆ. ಊರಿನಲ್ಲಿರುವ ಓದುಗರು ಮರುಬಿಡುಗಡೆಯನ್ನೇ ತರಿಸಿಕೊಳ್ಳುವುದಾದರೂ ಸಾಗಣೆ ಮತ್ತು ಸುಂಕವನ್ನು ಮೊದಲೇ ಲೆಕ್ಕ ಹಾಕಲಿ, ಅವೆರಡೇ ಕಿಟ್‌ನ ಬೆಲೆಗೆ ಸರಿಸಮ ಬರಬಹುದು.

ಮೂರರಲ್ಲಿ ನಾನು ಹೆಚ್ಚು ಹೊತ್ತು ನೋಡುವುದು ಹನ್ನೆರಡು ಡಾಲರಿಗೆ ಸಿಕ್ಕ, ಕಟ್ಟಿ ಮುಗಿದ ಇಂಪಾಲವನ್ನು. ಅದರ ಮುಂದಿನ ಗಾಜು ಇಲ್ಲ, ಕೆಂಪು ಬಣ್ಣ ಬ್ರಶ್ಶಿನ ಗೆರೆಗಳೊಂದಿಗೆ ಒಣಗಿದೆ, ಹಿಂದೆ ಅಂಟಿಸಿದ ರೆಕ್ಕೆಗಳು ಇಂಪಾಲದವಂತೂ ಅಲ್ಲ. ಬೇರೆ ಯಾವುದೋ ಕಿಟ್‌ನಲ್ಲಿ ಮಿಕ್ಕದ್ದನ್ನು ತಂದು, ಬುಡವನ್ನು ಅರದಿಂದ ಉಜ್ಜಿ, ಪುಟ್ಟಿ ತುಂಬಿ ಕೂರಿಸಿದ್ದಾನೆ ಆ ಹುಡುಗ. ಎಡದ ರೆಕ್ಕೆ ಬಲದ್ದಕ್ಕಿಂತ ಒಂದು ಮಿಲಿಮೀಟರ್ ಎತ್ತರ. ಬಣ್ಣವನ್ನು ಬ್ರೇಕ್ ಆಯಿಲಿನಲ್ಲಿ ನೆನೆಸಿ ತೆಗೆದು, ರೆಕ್ಕೆ ಬಿಡಿಸಿ, ಸ್ಟಾಕ್ ರೂಪಕ್ಕೆ ತರಬಹುದೆಂದು ಕೊಂಡಾಗ ಯೋಚಿಸಿದ್ದೆ. ಈಗ ಅದಕ್ಕೊಂದು ಮುಂದಿನ ಗಾಜನ್ನಷ್ಟೇ ಹುಡುಕುತ್ತಿದ್ದೇನೆ. ಫೋರ್ಡ್‌ನಲ್ಲಿ ಮಿಕ್ಕ ಭಾಗಗಳು ಸದ್ಯಕ್ಕೆ ಊರಿನಿಂದ ಬಂದ ಮೈಸೂರು ಪಾಕಿನ ಡಬ್ಬಿಯಲ್ಲಿವೆ.